ಹೊಸ ಮನೆಯ ಹಂಚಿನ ಮಾಡಿಗೂ ಅಟ್ಟಕ್ಕೂ ನಾವೇ ಶಾಖನಿರೋಧಕ ಹಾಕಿಕೊಳ್ಳಬಹುದೇ? (ಸದಾಶಿವಗಡ, ಕಾರವಾರ)

ಕಾಳಿತೀರ · ಮಾರ್ಚ್ 9, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸದಾಶಿವಗಡದಲ್ಲಿ ನಮ್ಮ ಹೊಸ ಮನೆಯ ಕೆಲಸ ಕೊನೆಯ ಹಂತಕ್ಕೆ ಬಂದಿದೆ. ಕೆಳಗಿನ ಮನೆಗೆ ಆರ್‌ಸಿಸಿ ಸ್ಲ್ಯಾಬ್ ಇದೆ. ಮೇಲಿನ ಎರಡು ಕೋಣೆಗಳಿಗೂ ಒಂದು ಪಡಸಾಲೆಗೂ ಕಬ್ಬಿಣದ ಬಾಕ್ಸ್ ಪೈಪಿನ ಚೌಕಟ್ಟು ಕಟ್ಟಿಸಿ ಮಂಗಳೂರು ಹಂಚು ಹೊದಿಸಿದ್ದೇವೆ. ಆ ಭಾಗ ಸುಮಾರು 600 ಚದರಡಿ ಆಗುತ್ತದೆ. ಹಂಚಿನ ಕೆಳಗೆ ಸಮತಟ್ಟಾದ ಫಾಲ್ಸ್ ಸೀಲಿಂಗ್ ಮಾಡುವ ಯೋಚನೆ ಇರುವುದರಿಂದ ನಡುವೆ ಒಂದು ಅಟ್ಟ ಉಳಿಯುತ್ತದೆ. ಅದರ ನಡುಭಾಗ ಐದು ಅಡಿ ಎತ್ತರವಿದೆ, ಅಂಚಿನಲ್ಲಿ ಒಂದು ಅಡಿಯೂ ಇಲ್ಲ.

ಈಗ ಮಾರ್ಚ್ ತಿಂಗಳಲ್ಲೇ ಮಧ್ಯಾಹ್ನ ಎರಡು ಗಂಟೆಗೆ ಆ ಕೋಣೆಗಳಲ್ಲಿ ನಿಲ್ಲಲಾಗುವುದಿಲ್ಲ. ಅಪ್ಪನಿಗೆ ಎಪ್ಪತ್ತೆರಡು ವರ್ಷ, ಉಸಿರಾಟದ ತೊಂದರೆಯೂ ಇದೆ. ಅವರು ಮಲಗುವ ಕೋಣೆ ಮೇಲೆಯೇ ಆಗಬೇಕೆಂದು ಅವರ ಆಸೆ, ಏಕೆಂದರೆ ಅಲ್ಲಿಂದ ಕಾಳಿ ನದಿಯ ಸೇತುವೆಯೂ ಸಮುದ್ರವೂ ಕಾಣುತ್ತವೆ. ಆ ಒಂದು ಕೋಣೆಗೆ ಮಾತ್ರ ಎ.ಸಿ. ಹಾಕಿಸುತ್ತೇವೆ, ಉಳಿದ ಕಡೆ ಫ್ಯಾನು ಸಾಕು.

ಮನೆಗೆ ಕೊಟ್ಟ ಹಣ ಈಗಾಗಲೇ ಲೆಕ್ಕ ಮೀರಿದೆ. ಆದ್ದರಿಂದ ಸೀಲಿಂಗಿನ ಮೇಲೆ ಹಾಕುವ ಶಾಖನಿರೋಧಕವನ್ನು ಮನೆಯ ಮಗಳಾದ ನಾನು ಮತ್ತು ನನ್ನ ತಮ್ಮ ಸೇರಿ ಹಾಕಬೇಕೆಂದುಕೊಂಡಿದ್ದೇವೆ. ವಿದೇಶಿ ವಿಡಿಯೋಗಳಲ್ಲಿ ಅಟ್ಟದ ಜಂತಿಗಳ ನಡುವೆ ಹತ್ತು ಹನ್ನೆರಡು ಅಂಗುಲ ದಪ್ಪಕ್ಕೆ ಗಾಜಿನ ನಾರಿನ ಮೆತ್ತೆಯಾದ ಗ್ಲಾಸ್‌ವೂಲ್ ತುಂಬುತ್ತಾರೆ, ಕೋಣೆಯ ಬದಿಗೆ ಪ್ಲಾಸ್ಟಿಕ್ ಹಾಳೆ ಹೊಡೆಯುತ್ತಾರೆ. ನಾವೂ ಹಾಗೆಯೇ ಮಾಡಬೇಕೇ, ಎಷ್ಟು ದಪ್ಪ ಬೇಕು, ಮಳೆಗಾಲದ ಮೊದಲು ಮುಗಿಸಬಹುದೇ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿ.

ಅಂಕೋಲೆ_ಅಂಗಳ · ಮಾರ್ಚ್ 9, ರಾತ್ರಿ 10.05

ಹಂಚಿನ ಮಾಡಿನ ಕೆಳಗೆ ಗ್ಲಾಸ್‌ವೂಲ್ ಹಾಕಬೇಡಿ. ನಾವು ಹಾಕಿಸಿದ್ದನ್ನು ಎರಡನೆಯ ಮಳೆಗಾಲ ಮುಗಿದ ಮೇಲೆ ತೆಗೆಸಿ ಹೊರಗೆ ಹಾಕಿದೆವು.

ಮೆತ್ತಿನಮನೆ · ಮಾರ್ಚ್ 10, ಬೆಳಿಗ್ಗೆ 6.50

ನಾನು ಶಿರಸಿಯ ಹತ್ತಿರದ ಹಳ್ಳಿಯವನು. ನಮ್ಮ ಹಳೆಯ ಮನೆಗೆ ನೂರು ವರ್ಷ ದಾಟಿದೆ. ಕೋಣೆಯ ಮೇಲೆ ಹಲಗೆಯ ಮುಚ್ಚಿಗೆ, ಅದರ ಮೇಲೆ ಮೂರು ಅಂಗುಲ ಮಣ್ಣು, ಅದರ ಮೇಲೆ ಎತ್ತರದ ಅಟ್ಟ, ಕೊನೆಗೆ ಹಂಚು. ಏಪ್ರಿಲ್ ತಿಂಗಳ ಮಧ್ಯಾಹ್ನವೂ ಒಳಗೆ ಹೊದ್ದು ಮಲಗಬಹುದು. ಹಂಚು ಬರುವ ಮೊದಲು ಇದೇ ಮನೆಗೆ ಅಡಿಕೆಯ ಸೋಗೆ ಹೊದಿಸುತ್ತಿದ್ದರು, ಆಗ ಇನ್ನೂ ತಂಪಾಗಿತ್ತು ಎಂದು ಅಜ್ಜ ಹೇಳುತ್ತಿದ್ದರು. ನಮ್ಮ ಹಿರಿಯರು ಗಾಜಿನ ನಾರನ್ನೂ ಫಾಯಿಲನ್ನೂ ಕಂಡವರಲ್ಲ. ನೀವು ಫಾಲ್ಸ್ ಸೀಲಿಂಗಿನ ಬದಲು ಹಲಗೆಯ ಮುಚ್ಚಿಗೆ ಹಾಕಿಸಿ, ಮೇಲೆ ಮಣ್ಣು ಹರಡಿಸಿ. ಅದಕ್ಕಿಂತ ಬೇರೆ ಏನೂ ಬೇಡ.

ಚಿರೇಕಲ್ಲು · ಮಾರ್ಚ್ 10, ಮಧ್ಯಾಹ್ನ 1.15

ಕುಮಟಾದಲ್ಲಿ ಕಟ್ಟಡಗಳ ಕೆಲಸ ಮಾಡಿಸುವ ಸಿವಿಲ್ ಎಂಜಿನಿಯರ್ ನಾನು. ಮೆತ್ತಿನಮನೆ ಅವರ ಮಾತಿನ ಮೇಲೆ ನನಗೆ ಗೌರವವಿದೆ, ಆದರೆ ಶಿರಸಿಯ ಪಾಠವನ್ನು ಸದಾಶಿವಗಡಕ್ಕೆ ಹಾಗೆಯೇ ತರಲು ಬರುವುದಿಲ್ಲ ಎಂಬುದನ್ನು ವಿವರಿಸಬೇಕು.

ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹಗಲು ಎಷ್ಟೇ ಬಿಸಿಯಾದರೂ ರಾತ್ರಿ ತಂಪಾಗುತ್ತದೆ. ಮುಚ್ಚಿಗೆಯ ಮೇಲಿನ ಮಣ್ಣು ಹಗಲಿಡೀ ಬಿಸಿಯನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ, ರಾತ್ರಿ ಅದನ್ನು ತಂಪು ಗಾಳಿಗೆ ಬಿಟ್ಟುಕೊಡುತ್ತದೆ, ಮರುದಿನಕ್ಕೆ ಮತ್ತೆ ಸಿದ್ಧವಾಗುತ್ತದೆ. ಕಾರವಾರದಲ್ಲಿ ಏಪ್ರಿಲ್ ಮೇ ತಿಂಗಳ ರಾತ್ರಿಯೂ 25, 26 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಮಣ್ಣು ತಣಿಯಲು ಅವಕಾಶವೇ ಸಿಗದೆ ರಾತ್ರಿ ಹನ್ನೊಂದು ಗಂಟೆಗೂ ಕೋಣೆಗೆ ಸೆಖೆಯನ್ನು ಸುರಿಯುತ್ತಿರುತ್ತದೆ. ನಮ್ಮ ಕರಾವಳಿಯ ಆರ್‌ಸಿಸಿ ಮನೆಗಳಲ್ಲಿ ರಾತ್ರಿ ನಿದ್ದೆ ಬಾರದಿರುವುದಕ್ಕೂ ಇದೇ ಕಾರಣ. ಅಲ್ಲದೆ ತೆಳುವಾದ ಬಾಕ್ಸ್ ಪೈಪಿನ ಚೌಕಟ್ಟು ಮೂರು ಅಂಗುಲ ಮಣ್ಣಿನ ಭಾರವನ್ನು ಹೊರಲಾರದು. ಒಂದು ಚದರ ಮೀಟರಿಗೆ ನೂರು ಕಿಲೋಗಿಂತ ಹೆಚ್ಚಾಗುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಬಿಸಿಲಿಗೆ ಕಾದ ಹಂಚಿನ ಒಳಮೈ 50 ಡಿಗ್ರಿ, ಸೀಲಿಂಗ್ 35 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಹಂಚಿನಿಂದ ಸೀಲಿಂಗಿಗೆ ಬರುವ ಬಿಸಿಯ ದೊಡ್ಡ ಪಾಲು ಗಾಳಿಯ ಮೂಲಕ ಬರುವುದಿಲ್ಲ, ಏಕೆಂದರೆ ಬಿಸಿ ಗಾಳಿ ಮೇಲೆಯೇ ನಿಲ್ಲುತ್ತದೆ. ಒಲೆಯ ಮುಂದೆ ಕುಳಿತಾಗ ಮುಖಕ್ಕೆ ಹೊಡೆಯುವ ಕಾವಿನಂತೆ ಅದು ವಿಕಿರಣವಾಗಿ ಬರುತ್ತದೆ. ಸಾಮಾನ್ಯ ಮೇಲ್ಮೈಗಳಾದರೆ ಒಂದು ಚದರ ಮೀಟರಿಗೆ ಸುಮಾರು 87 ವ್ಯಾಟ್ ಕೆಳಗಿಳಿಯುತ್ತದೆ. ನಡುವೆ ಹೊಳೆಯುವ ಅಲ್ಯೂಮಿನಿಯಂ ಫಾಯಿಲಿನ ಮುಖ ಬಂದರೆ ಅದು ಐದಾರು ವ್ಯಾಟಿಗೆ ಇಳಿಯುತ್ತದೆ. ಇದು ಕಾಗದದ ಮೇಲಿನ ಆದರ್ಶ ಲೆಕ್ಕ, ನಿಜದಲ್ಲಿ ಅಷ್ಟು ಸಿಗುವುದಿಲ್ಲ. ಆದರೂ ಕರಾವಳಿಯ ಹಂಚಿನ ಮನೆಗೆ ಮೊದಲು ಹಾಕಬೇಕಾದದ್ದು ಫಾಯಿಲ್, ಆಮೇಲೆ ಉಳಿದದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಮೆತ್ತಿನಮನೆ · ಮಾರ್ಚ್ 10, ಸಂಜೆ 4.30

ರಾತ್ರಿಯ ತಂಪಿನ ವಿಚಾರ ನನಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಮನೆ ತಂಪಾಗಿರುವುದಕ್ಕೆ ಮಣ್ಣೊಂದೇ ಕಾರಣವೆಂದು ನೀವು ಭಾವಿಸಿದ್ದೀರಿ. ಅಟ್ಟದ ಎರಡೂ ತುದಿಯ ತ್ರಿಕೋನ ಗೋಡೆಗಳಲ್ಲಿ ಮರದ ಜಾಲರಿ ಇದೆ, ಹಂಚುಗಳ ಸಂದಿಯಲ್ಲೂ ಗಾಳಿ ಆಡುತ್ತದೆ. ಮೂರು ಅಡಿ ಚಾಚಿದ ಸೂರು ಗೋಡೆಗೆ ಬಿಸಿಲು ಬೀಳಲು ಬಿಡುವುದಿಲ್ಲ. ಈಗಿನವರು ಸೂರನ್ನು ಒಂದೂವರೆ ಅಡಿಗೆ ಕತ್ತರಿಸಿ, ಅಟ್ಟವನ್ನು ನಾಲ್ಕೂ ಕಡೆ ಸಿಮೆಂಟಿನಿಂದ ಮುಚ್ಚಿ, ಬಳಿಕ ಸೆಖೆ ಎಂದು ದೂರುತ್ತಾರೆ. ಕಾಳಿತೀರ ಅವರ ಅಟ್ಟಕ್ಕೆ ಗಾಳಿಕಿಂಡಿ ಇದೆಯೇ?

ಕಾಳಿತೀರ · ಮಾರ್ಚ್ 10, ರಾತ್ರಿ 8.55

ಇಲ್ಲ. ಬಾವಲಿ ಮತ್ತು ಇಲಿಗಳ ಭಯದಿಂದ ಎರಡೂ ಬದಿಯ ತ್ರಿಕೋನ ಗೋಡೆಗಳನ್ನು ಪೂರ್ತಿ ಮುಚ್ಚಿಸಿದ್ದೇವೆ.

ಚಿರೇಕಲ್ಲು · ಮಾರ್ಚ್ 10, ರಾತ್ರಿ 9.20

ಹಾಗಿದ್ದರೆ ಮೆತ್ತಿನಮನೆ ಅವರು ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ಅಟ್ಟದ ನೆಲದ ವಿಸ್ತೀರ್ಣದಲ್ಲಿ 150ರಲ್ಲಿ ಒಂದು ಪಾಲಿನಷ್ಟು ಗಾಳಿಕಿಂಡಿ ಇರಬೇಕೆಂಬುದು ಸಾಮಾನ್ಯ ಲೆಕ್ಕ. ನಿಮ್ಮ 600 ಚದರಡಿಗೆ ಒಟ್ಟು ನಾಲ್ಕು ಚದರಡಿ ಆಗುತ್ತದೆ. ಅರ್ಧ ಭಾಗ ಸೂರಿನ ಕೆಳಗೆ, ಅರ್ಧ ಭಾಗ ಮಾಡಿನ ನೆತ್ತಿಯ ಹತ್ತಿರ ಇದ್ದರೆ ಕೆಳಗಿನಿಂದ ಬಂದ ಗಾಳಿ ಬಿಸಿಯನ್ನು ಹೊತ್ತು ಮೇಲೆ ಹೋಗುತ್ತದೆ. ಕಾಲು ಅಂಗುಲಕ್ಕಿಂತ ದೊಡ್ಡ ಕಣ್ಣಿಲ್ಲದ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ ಹಾಕಿಸಿ. ಸಾಮಾನ್ಯ ಕಬ್ಬಿಣದ ಜಾಲರಿ ಉಪ್ಪುಗಾಳಿಗೆ ಎರಡು ಮೂರು ವರ್ಷದಲ್ಲಿ ಪುಡಿಯಾಗುತ್ತದೆ. ಜಾಲರಿ ಗಾಳಿಯ ದಾರಿಯನ್ನೂ ಸ್ವಲ್ಪ ತಡೆಯುವುದರಿಂದ ಕಿಂಡಿಯನ್ನು ಲೆಕ್ಕಕ್ಕಿಂತ ತುಸು ದೊಡ್ಡದಾಗಿಯೇ ಬಿಡಿಸಿ.

ಅಂಕೋಲೆ_ಅಂಗಳ · ಮಾರ್ಚ್ 11, ಬೆಳಿಗ್ಗೆ 9.10

ಮೊನ್ನೆ ಎರಡು ಸಾಲು ಬರೆದು ಬಿಟ್ಟಿದ್ದೆ, ಈಗ ನಡೆದದ್ದನ್ನು ಪೂರ್ತಿ ಹೇಳುತ್ತೇನೆ. ನಮ್ಮದೂ ಹಂಚಿನ ಮಾಡು. ಗುತ್ತಿಗೆದಾರರೊಬ್ಬರು ಹಂಚಿನ ಕೆಳಗೆ ಜಿಪ್ಸಮ್ ಸೀಲಿಂಗ್ ಮಾಡಿ, ಅದರ ಮೇಲೆ ಎರಡು ಅಂಗುಲದ ಗ್ಲಾಸ್‌ವೂಲ್ ಹಾಸಿದರು. ಆ ಬೇಸಿಗೆ ನಿಜಕ್ಕೂ ಸುಖವಾಗಿತ್ತು. ಜುಲೈ ತಿಂಗಳಲ್ಲಿ ಪಶ್ಚಿಮದಿಂದ ಗಾಳಿ ಸಮೇತ ಮಳೆ ಹೊಡೆದಾಗ ಹಂಚಿನ ಸಂದಿಯಿಂದ ನುಣ್ಣನೆಯ ಎರಚಲು ಒಳಗೆ ಬರುತ್ತಿತ್ತು. ಮೊದಲಿನ ಮನೆಯಲ್ಲೂ ಬರುತ್ತಿತ್ತು, ಆದರೆ ಅಲ್ಲಿ ಒಂದೆರಡು ದಿನದಲ್ಲಿ ಗಾಳಿಗೆ ಒಣಗಿ ಹೋಗುತ್ತಿತ್ತು. ಇಲ್ಲಿ ಗ್ಲಾಸ್‌ವೂಲ್ ಅದನ್ನು ಹೀರಿಕೊಂಡು ಹಿಡಿದಿಟ್ಟುಕೊಂಡಿತು. ಸೀಲಿಂಗಿನಲ್ಲಿ ಮೊದಲು ಚಹಾದ ಬಣ್ಣದ ಕಲೆ ಕಾಣಿಸಿತು, ಆಮೇಲೆ ಬೂಷ್ಟು ಹಿಡಿಯಿತು, ಎರಡನೆಯ ಮಳೆಗಾಲದಲ್ಲಿ ಮಗುವಿನ ತೊಟ್ಟಿಲಿದ್ದ ಕೋಣೆಯಲ್ಲಿ ನಾಲ್ಕಡಿಯ ಒಂದು ತುಂಡು ಕಳಚಿ ಬಿತ್ತು. ದೇವರ ದಯೆಯಿಂದ ಮಗು ಅಮ್ಮನ ಹತ್ತಿರವಿತ್ತು. ಆ ದಿನದ ನಡುಕ ಇನ್ನೂ ನನ್ನಿಂದ ಹೋಗಿಲ್ಲ. ಅದಕ್ಕಾಗಿಯೇ ಬೇಡವೆಂದು ಅಷ್ಟು ಗಟ್ಟಿಯಾಗಿ ಹೇಳಿದೆ.

ಯಲ್ಲಾಪುರದ_ಉಳಿ · ಮಾರ್ಚ್ 11, ಬೆಳಿಗ್ಗೆ 11.35

ಮಗುವಿಗೆ ಏನೂ ಆಗಲಿಲ್ಲವೆಂದು ಕೇಳಿ ಸಮಾಧಾನವಾಯಿತು. ಆದರೆ ಅಣ್ಣಾ, ತಪ್ಪು ಗ್ಲಾಸ್‌ವೂಲಿನದಲ್ಲ, ಕ್ರಮದ್ದು. ಹಂಚಿನ ಕೆಳಗೆ ನೀರಿಳಿಸುವ ಹಾಳೆಯಂಥ ಎರಡನೆಯ ಮಾಡು ಇಲ್ಲದೆ ನೀರು ಹೀರುವ ಯಾವ ವಸ್ತುವನ್ನೂ ಹಾಸಬಾರದು. ಹಂಚು ಮಳೆಯನ್ನು ಇಳಿಸುತ್ತದೆ, ಎರಚಲನ್ನು ತಡೆಯುವುದಿಲ್ಲ. ಮಾಡಿನ ಇಳಿಜಾರು 30 ಡಿಗ್ರಿಗಿಂತ ಕಡಿಮೆಯಾದರಂತೂ ಗಾಳಿಗೆ ನೀರು ಹಿಂದಕ್ಕೆ ಏರಿ ಬರುತ್ತದೆ.

ಭಟ್ಕಳದ_ಗಾಳಿ · ಮಾರ್ಚ್ 11, ಮಧ್ಯಾಹ್ನ 3.00

ನಮ್ಮ ಮನೆಯಲ್ಲಿ ಸೋರಿಕೆ ಇರಲಿಲ್ಲ, ಆದರೂ ಸೀಲಿಂಗ್ ಒದ್ದೆಯಾಯಿತು. ಎ.ಸಿ. ಕೋಣೆಯ ಸೀಲಿಂಗಿನ ಮೇಲೆ ಗ್ಲಾಸ್‌ವೂಲ್ ಹಾಸಿ, ಕೆಳಗಡೆ, ಅಂದರೆ ಕೋಣೆಯ ಬದಿಗೆ, ಪ್ಲಾಸ್ಟಿಕ್ ಹಾಳೆ ಹಾಕಿದ್ದರು. ಮೇ ತಿಂಗಳಲ್ಲಿ ಒಂದು ಹನಿ ಮಳೆಯಿಲ್ಲದೆ ಸ್ಕ್ರೂಗಳ ಸುತ್ತ ತುಕ್ಕಿನ ಕಲೆ ಮೂಡಿತು. ತೆರೆದು ನೋಡಿದರೆ ಪ್ಲಾಸ್ಟಿಕ್ಕಿನ ಮೇಲುಮುಖದಲ್ಲಿ ನೀರು ನಿಂತಿತ್ತು. ಇದು ಎಲ್ಲಿಂದ ಬಂತೆಂದು ಇವತ್ತಿನವರೆಗೂ ಯಾರೂ ನಮಗೆ ವಿವರಿಸಿಲ್ಲ.

ಚಿರೇಕಲ್ಲು · ಮಾರ್ಚ್ 11, ರಾತ್ರಿ 9.45

ಅದು ಗಾಳಿಯಿಂದ ಬಂದ ನೀರು. ಕಾಳಿತೀರ ಅವರು ವಿಡಿಯೋದಲ್ಲಿ ನೋಡಿದ ವಿಧಾನ ನಮ್ಮ ಕಡೆ ಏಕೆ ತಿರುಗಿಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ನಮ್ಮ ಕರಾವಳಿಯಲ್ಲಿ ಮೇ ತಿಂಗಳ ಗಾಳಿ 32 ಡಿಗ್ರಿ, ಶೇಕಡ 75 ತೇವಾಂಶ ಎಂದಿಟ್ಟುಕೊಂಡರೆ ಅದರ ಇಬ್ಬನಿ ಬಿಂದು ಸುಮಾರು 27 ಡಿಗ್ರಿ ಆಗುತ್ತದೆ. ಅಂದರೆ ಆ ಗಾಳಿ 27 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ಅದರ ಮೇಲೆ ನೀರಿನ ಹನಿ ಕೂರುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ಕೂರುವಂತೆಯೇ. ನೀವು ಎ.ಸಿ.ಯನ್ನು 24ಕ್ಕೆ ಇಟ್ಟಾಗ ಸೀಲಿಂಗಿನ ಹಲಗೆಯೂ ಅದಕ್ಕೆ ಅಂಟಿದ ಪ್ಲಾಸ್ಟಿಕ್ಕೂ 24, 25 ಡಿಗ್ರಿಗೆ ಬರುತ್ತವೆ. ಅಟ್ಟದ ಒದ್ದೆ ಗಾಳಿ ಗ್ಲಾಸ್‌ವೂಲಿನ ಎಳೆಗಳ ನಡುವೆ ಸಲೀಸಾಗಿ ಇಳಿದು, ತಣ್ಣಗಿನ ಪ್ಲಾಸ್ಟಿಕ್ಕನ್ನು ಮುಟ್ಟಿ ನೀರಾಗುತ್ತದೆ. ಪ್ಲಾಸ್ಟಿಕ್ ಅದನ್ನು ಕೆಳಗೂ ಬಿಡುವುದಿಲ್ಲ.

ಚಳಿ ದೇಶಗಳಲ್ಲಿ ಕೋಣೆ ಬೆಚ್ಚಗೆ, ಹೊರಗೆ ಹಿಮ. ಆವಿ ಒಳಗಿನಿಂದ ಹೊರಗೆ ಹೋಗುವುದರಿಂದ ಅವರು ಆವಿ ತಡೆಯನ್ನು ಕೋಣೆಯ ಬದಿಗೆ ಹಾಕುವುದು ಸರಿ. ನಮ್ಮಲ್ಲಿ ಆವಿ ಹೊರಗಿನಿಂದ ತಣ್ಣಗಿನ ಕೋಣೆಯ ಕಡೆಗೆ ನುಗ್ಗುತ್ತದೆ. ಆದ್ದರಿಂದ ತಡೆ ಇರಬೇಕಾದದ್ದು ಮೇಲೆ, ಬಿಸಿಯ ಬದಿಗೆ. ಒಂದು ಮುಖಕ್ಕೆ ಫಾಯಿಲ್ ಅಂಟಿಸಿದ ಗ್ಲಾಸ್‌ವೂಲ್ ತಂದು ಫಾಯಿಲಿನ ಮುಖವನ್ನು ಅಟ್ಟದ ಕಡೆಗೆ ಇಟ್ಟು, ಪ್ರತಿಯೊಂದು ಸಂದಿಗೂ ಅಲ್ಯೂಮಿನಿಯಂ ಟೇಪ್ ಅಂಟಿಸಬೇಕು. ಕೋಣೆಯ ಬದಿಗೆ ಪ್ಲಾಸ್ಟಿಕ್, ಎಣ್ಣೆ ಬಣ್ಣ ಯಾವುದೂ ಬೇಡ. ತಪ್ಪಿ ಒಳಗೆ ಸೇರಿದ ತೇವ ಕೋಣೆಯ ಒಣ ಗಾಳಿಗೆ ಇಳಿದು ಹೋಗಲಿ.

ದಪ್ಪದ ಬಗ್ಗೆ ಹೇಳುವುದಾದರೆ, ಅವರಿಗೆ ಒಳಗೂ ಹೊರಗೂ ಮೂವತ್ತು ನಲವತ್ತು ಡಿಗ್ರಿ ವ್ಯತ್ಯಾಸವಿರುವುದರಿಂದ ಹನ್ನೆರಡು ಅಂಗುಲ ಬೇಕು. ನಮಗೆ ಬೇಡ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆಯು ವಸತಿ ಕಟ್ಟಡದ ಮಾಡಿನ ಯು-ಮೌಲ್ಯ (ಬಿಸಿ ಎಷ್ಟು ಸುಲಭವಾಗಿ ದಾಟುತ್ತದೆ ಎಂಬ ಅಳತೆ, ಕಡಿಮೆಯಾದಷ್ಟೂ ಒಳ್ಳೆಯದು) 1.2ನ್ನು ಮೀರಬಾರದೆಂದು ಹೇಳುತ್ತದೆ. ಎರಡು ಅಂಗುಲದ ಗ್ಲಾಸ್‌ವೂಲ್ ಹಾಕಿದರೆ ಅದು ಸುಮಾರು 0.65ಕ್ಕೆ ಬರುತ್ತದೆ, ಒಂದು ಅಂಗುಲ ಹಾಕಿದರೂ 1.1ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಎರಡು ಅಂಗುಲ ಧಾರಾಳವಾಯಿತು.

ಭಟ್ಕಳದ_ಗಾಳಿ · ಮಾರ್ಚ್ 11, ರಾತ್ರಿ 10.30

ಎರಡು ವರ್ಷದಿಂದ ಮನಸ್ಸಿನಲ್ಲಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು. ನಿಮಗೆ ತುಂಬ ಧನ್ಯವಾದ. ಫ್ಯಾನು ಮಾತ್ರ ಇರುವ ಕೋಣೆಗೂ ಇದೇ ನಿಯಮವೇ?

ಚಿರೇಕಲ್ಲು · ಮಾರ್ಚ್ 11, ರಾತ್ರಿ 10.40

ಫ್ಯಾನಿನ ಕೋಣೆಯಲ್ಲಿ ಸೀಲಿಂಗ್ ಗಾಳಿಗಿಂತ ತಣ್ಣಗಾಗುವುದಿಲ್ಲ, ಹಾಗಾಗಿ ಈ ಭಯವಿಲ್ಲ. ಅಲ್ಲಿ ಫಾಯಿಲ್ ಒಂದೇ ಸಾಕಾಗಬಹುದು.

ತದಡಿ_ಬಂದರು · ಮಾರ್ಚ್ 12, ಬೆಳಿಗ್ಗೆ 8.20

ಇಷ್ಟೆಲ್ಲ ಏಕೆ? ಥರ್ಮೋಕೋಲ್ ಹಾಳೆಗಳನ್ನು ತಂದು ಪೈಪುಗಳ ನಡುವೆ ಸಿಕ್ಕಿಸಿಬಿಡಿ. ನೀರು ಹೀರುವುದಿಲ್ಲ, ಮೈ ತುರಿಸುವುದಿಲ್ಲ, ಹಗುರವಾಗಿದೆ, ಚಾಕುವಿನಲ್ಲಿ ಕತ್ತರಿಸಬಹುದು. ನಾನು ನಮ್ಮ ಅಂಗಡಿಯ ಶೀಟಿನ ಕೆಳಗೆ ಹಾಗೆ ಮಾಡಿ ನಾಲ್ಕು ವರ್ಷವಾಯಿತು.

ಕುಮಟಾ_ವಯರಿಂಗ್ · ಮಾರ್ಚ್ 12, ಬೆಳಿಗ್ಗೆ 10.15

ನಾನು ಎಲೆಕ್ಟ್ರಿಷಿಯನ್. ಥರ್ಮೋಕೋಲಿಗೆ ನನ್ನ ವಿರೋಧ ಬಲವಾಗಿಯೇ ಇದೆ. ಪಿವಿಸಿ ಹೊದಿಕೆಯ ವಯರು ಥರ್ಮೋಕೋಲಿಗೆ ಅಂಟಿಕೊಂಡು ವರ್ಷಗಟ್ಟಲೆ ಇದ್ದರೆ ಪಿವಿಸಿಯನ್ನು ಮೆತ್ತಗೆ ಇಡುವ ಅಂಶ ಥರ್ಮೋಕೋಲಿಗೆ ಇಳಿದು ಹೋಗುತ್ತದೆ. ವಯರಿನ ಹೊದಿಕೆ ಗಡುಸಾಗಿ ಬಿರಿಯುತ್ತದೆ, ಥರ್ಮೋಕೋಲ್ ಕರಗಿದಂತಾಗುತ್ತದೆ. ಇರುವೆ ಮತ್ತು ಇಲಿಗಳು ಅದನ್ನು ಕೊರೆದು ಗೂಡು ಮಾಡುತ್ತವೆ. ಬೆಂಕಿ ತಗುಲಿದರೆ ಉರಿಯುವ ಹನಿಗಳು ಕೆಳಗೆ ಸುರಿಯುತ್ತವೆ, ದಟ್ಟವಾದ ಕಪ್ಪು ಹೊಗೆ ಬರುತ್ತದೆ. ಮನುಷ್ಯರು ಮಲಗುವ ಕೋಣೆಯ ಮೇಲೆ, ಹಲಗೆಯ ರಕ್ಷಣೆಯೂ ಇಲ್ಲದೆ ಅದನ್ನು ತೆರೆದಿಡಬೇಡಿ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಫಾಯಿಲ್ ವಿದ್ಯುತ್ತನ್ನು ಹರಿಸುತ್ತದೆ ಎಂಬುದನ್ನು ಮರೆಯಬೇಡಿ. ಆಸ್ಟ್ರೇಲಿಯಾದಲ್ಲಿ 2009-10ರಲ್ಲಿ ಮನೆಗಳ ಅಟ್ಟಕ್ಕೆ ಶಾಖನಿರೋಧಕ ಹಾಕಿಸುವ ಸರ್ಕಾರಿ ಯೋಜನೆ ನಡೆದಾಗ ನಾಲ್ವರು ಎಳೆಯ ಕೆಲಸಗಾರರು ಸತ್ತರು. ಮೂವರು ವಿದ್ಯುದಾಘಾತದಿಂದ, ಒಬ್ಬರು ಅಟ್ಟದ ತಾಪ ತಡೆಯಲಾರದೆ. ಫಾಯಿಲಿಗೆ ಹೊಡೆದ ಲೋಹದ ಪಿನ್ನು ಕೆಳಗಿದ್ದ ವಯರನ್ನು ಚುಚ್ಚಿದ್ದೂ ಆ ಸಾವುಗಳಿಗೆ ಒಂದು ಕಾರಣ. ನಿಮ್ಮದಂತೂ ಕಬ್ಬಿಣದ ಚೌಕಟ್ಟು. ಒಂದು ಸ್ಕ್ರೂ ವಯರಿಗೆ ತಾಗಿದರೆ ಇಡೀ ಮಾಡಿಗೆ ಕರೆಂಟು ಹರಿಯುತ್ತದೆ. ಆದ್ದರಿಂದ ಕೆಲಸದ ದಿನ ಮೇನ್ ಸ್ವಿಚ್ ಆರಿಸಿರಿ, ಬರೇ ಕೋಣೆಯ ಸ್ವಿಚ್ ಆರಿಸಿದರೆ ಸಾಲದು. ಚೌಕಟ್ಟಿಗೆ ಅರ್ಥಿಂಗ್ ಕೊಡಿಸಿರಿ. ಕರೆಂಟು ಸೋರಿದ ಕೂಡಲೇ ತಾನಾಗಿ ಆರಿಸುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಹೊಸ ಮನೆಗೆ ಹೋಗಲೇಬೇಡಿ. ಅಟ್ಟದ ವಯರುಗಳೆಲ್ಲ ವಯರಿಂಗಿನ ಪೈಪಿನೊಳಗೆ, ಗ್ಲಾಸ್‌ವೂಲಿನ ಮೇಲ್ಗಡೆ ಹಾದುಹೋಗಲಿ. ಗ್ಲಾಸ್‌ವೂಲಿನಡಿ ಹೂತ ವಯರಿನ ಬಿಸಿ ಹೊರಗೆ ಹೋಗದು, ಅದರಲ್ಲೂ ಎ.ಸಿ.ಯ ವಯರು.

ಸೀಲಿಂಗಿನೊಳಗೆ ಹುದುಗಿಸುವ ದೀಪಗಳನ್ನು ಆದಷ್ಟು ಬಿಟ್ಟುಬಿಡಿ. ಪ್ರತಿಯೊಂದು ತೂತೂ ಒದ್ದೆ ಗಾಳಿಗೆ ಒಂದು ಬಾಗಿಲು, ಮೇಲೆ ಗ್ಲಾಸ್‌ವೂಲ್ ಮುಚ್ಚಿದರೆ ದೀಪದ ಡ್ರೈವರು (ಅದಕ್ಕೆ ಕರೆಂಟನ್ನು ಹದಮಾಡಿ ಕೊಡುವ ಭಾಗ) ಕಾದು ಸಾಯುತ್ತದೆ. ಗೋಡೆಯ ಮೇಲಿನ ದೀಪ ಒಳ್ಳೆಯದು.

ತದಡಿ_ಬಂದರು · ಮಾರ್ಚ್ 12, ಬೆಳಿಗ್ಗೆ 11.00

ವಯರಿನ ವಿಚಾರ ನನಗೆ ಗೊತ್ತಿರಲಿಲ್ಲ. ಈ ಭಾನುವಾರ ಅಂಗಡಿಯಲ್ಲಿ ಬಿಚ್ಚಿ ನೋಡುತ್ತೇನೆ.

ಹೊನ್ನಾವರದ_ಹೊಳೆ · ಮಾರ್ಚ್ 12, ಸಂಜೆ 6.40

ಹೆಂಗಸರು ಅಟ್ಟ ಹತ್ತಿ ಮಾಡುವ ಕೆಲಸ ಇದಲ್ಲ ಎಂಬುದು ನನ್ನ ಅಭಿಪ್ರಾಯ. ಕೆಲಸ ಬಲ್ಲವರಿಗೆ ಕೂಲಿ ಕೊಟ್ಟು ಮಾಡಿಸಿ.

ಯಲ್ಲಾಪುರದ_ಉಳಿ · ಮಾರ್ಚ್ 12, ರಾತ್ರಿ 8.15

ನಲವತ್ತು ವರ್ಷ ಬಡಗಿ ಕೆಲಸ ಮಾಡಿದವನು ಹೇಳುತ್ತಿದ್ದೇನೆ, ಈ ಕೆಲಸಕ್ಕೆ ಬೇಕಾದದ್ದು ತಾಳ್ಮೆ, ತೋಳಿನ ಬಲ ಅಲ್ಲ. ಕೂಲಿಗೆ ಬಂದವರು ಸಂದಿಗೆ ಟೇಪ್ ಹಚ್ಚುವಾಗ ಅವಸರ ಮಾಡುತ್ತಾರೆ. ಮನೆಯವರು ಮಾಡುವುದಿಲ್ಲ. ತಂಗೀ, ನೀನು ಧೈರ್ಯವಾಗಿ ಮಾಡು, ನಾನು ಕ್ರಮ ಹೇಳುತ್ತೇನೆ.

ಮೊದಲ ಮಾತು, ವಿಡಿಯೋದವರು ಮರದ ದಪ್ಪ ಜಂತಿಯ ಮೇಲೆ ಮೊಣಕಾಲೂರಿ ಕೆಲಸ ಮಾಡುತ್ತಾರೆ. ನಿನ್ನ ಫಾಲ್ಸ್ ಸೀಲಿಂಗ್ ತೆಳು ಚಾನಲ್ಲಿಗೆ ತೂಗುಹಾಕಿದ ಹಲಗೆ, ಅದರ ಮೇಲೆ ಬೆಕ್ಕು ನಡೆಯಬಹುದು, ಮನುಷ್ಯರು ನಡೆಯುವಂತಿಲ್ಲ. ಆದ್ದರಿಂದ ಸೀಲಿಂಗ್ ಮುಚ್ಚಿದ ಮೇಲೆ ಅಟ್ಟಕ್ಕೆ ಹತ್ತಿ ಹಾಸುವ ಪ್ರಶ್ನೆಯೇ ಬರುವುದಿಲ್ಲ. ಎಲ್ಲವನ್ನೂ ಕೆಳಗಿನಿಂದ, ಸೀಲಿಂಗ್ ಮುಚ್ಚುವ ಮೊದಲು ಅಥವಾ ಮುಚ್ಚುತ್ತ ಮುಚ್ಚುತ್ತ ಮಾಡಬೇಕು.

ಈಗ ಫಾಯಿಲ್. ಹೊಸದಾಗಿ ಹೊದಿಸುವಾಗಲೇ ಪಕಾಸಿನ (ಮಾಡಿನ ಇಳಿಜಾರಿನ ಉದ್ದ ಮರಗಳ) ಮೇಲೆ ಹಾಳೆ ಹಾಸಿ, ಅದರ ಮೇಲೆ ಉದ್ದುದ್ದಕ್ಕೆ ಪಟ್ಟಿ ಹೊಡೆದು, ಆಮೇಲೆ ರೀಪು (ಹಂಚು ಕೂರುವ ಅಡ್ಡಪಟ್ಟಿ) ಮತ್ತು ಹಂಚು ಇಟ್ಟಿದ್ದರೆ ಎಲ್ಲಕ್ಕಿಂತ ಚೆನ್ನಾಗಿತ್ತು. ಹಂಚು ಇಟ್ಟಾಗಿದೆ, ಹಾಗಾಗಿ ಪೈಪಿನ ಕೆಳಮುಖಕ್ಕೆ ಹಾಕು. ಹಂಚಿಗೂ ಹಾಳೆಗೂ ನಡುವೆ ಕನಿಷ್ಠ ಒಂದು ಅಂಗುಲ ಗಾಳಿ ಇರಬೇಕು, ಪೈಪಿನ ದಪ್ಪವೇ ಆ ಜಾಗ ಕೊಡುತ್ತದೆ. ಸೂರಿನಿಂದ ಶುರು ಮಾಡಿ ಮೇಲಕ್ಕೆ ಹೋಗು. ಮೇಲಿನ ಹಾಳೆ ಕೆಳಗಿನ ಹಾಳೆಯ ಮೇಲೆ ಆರು ಅಂಗುಲ ಬರಲಿ, ಹಂಚು ಹೇಗೆ ಒಂದರ ಮೇಲೊಂದು ಕೂರುತ್ತದೆಯೋ ಹಾಗೆ. ಕೊನೆಯ ತುದಿ ಗೋಡೆಯನ್ನು ದಾಟಿ ಹೊರಗೆ ಇಳಿಯಬೇಕು. ಆಗ ಒಳಗೆ ಬಂದ ಎರಚಲು ಹಾಳೆಯ ಮೇಲೆ ಹರಿದು ಸೂರಿನಿಂದ ಅಂಗಳಕ್ಕೆ ಬೀಳುತ್ತದೆ. ಈ ತುದಿಯನ್ನು ಗೋಡೆಯ ಒಳಗಡೆ ಬಿಟ್ಟವರ ಮನೆಗಳಲ್ಲಿ ನೀರೆಲ್ಲ ಗೋಡೆಯ ತಲೆಯ ಮೇಲೆ ಕೂತು, ಬಣ್ಣ ಪದರು ಪದರಾಗಿ ಏಳುವುದನ್ನು ಕಂಡಿದ್ದೇನೆ. ನೆತ್ತಿಯಲ್ಲಿ ಎರಡೂ ಕಡೆಯ ಹಾಳೆಗಳನ್ನು ಕೂಡಿಸದೆ ಮೂರು ಬೆರಳು ಜಾಗ ಬಿಡು, ಬಿಸಿ ಗಾಳಿಗೆ ದಾರಿ ಬೇಕು. ಹೊಳೆಯುವ ಮುಖ ಕೆಳಗಿರಲಿ. ಮೇಲಿದ್ದರೆ ಒಂದೇ ವರ್ಷದಲ್ಲಿ ದೂಳು ಕೂತು ಹೊಳಪು ಸಾಯುತ್ತದೆ.

ಚಿರೇಕಲ್ಲು · ಮಾರ್ಚ್ 12, ರಾತ್ರಿ 9.00

ಉಳಿ ಅವರು ಹೇಳಿದ ಕ್ರಮಕ್ಕೆ ಎರಡು ಮಾತು ಮಾತ್ರ ಸೇರಿಸುತ್ತೇನೆ. ಬರಿಯ ಅಲ್ಯೂಮಿನಿಯಂ ಉಪ್ಪುಗಾಳಿಗೆ ಬೂದಿಯಾಗುತ್ತದೆ, ಮೇಲೆ ರಕ್ಷಕ ಲೇಪವಿರುವ ಫಾಯಿಲನ್ನೇ ಕೇಳಿ. ಜಿಪ್ಸಮ್ ಬದಲು ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ಹಾಕಿದರೆ ನಮ್ಮ ತೇವಕ್ಕೆ ಹೆಚ್ಚು ತಾಳುತ್ತದೆ. ಅದು ಭಾರ ಹೆಚ್ಚು, ಚೌಕಟ್ಟಿನ ಅಂತರ ಕಡಿಮೆ ಮಾಡಿ.

ಹೊನ್ನಾವರದ_ಹೊಳೆ · ಮಾರ್ಚ್ 12, ರಾತ್ರಿ 9.30

ಬಿದ್ದು ಪೆಟ್ಟಾಗಬಾರದೆಂಬ ಕಾಳಜಿಯಿಂದ ಹೇಳಿದ್ದು. ಕೆಳಗಿನಿಂದಲೇ ಮಾಡುವ ಕೆಲಸವಾದರೆ ನನ್ನ ಆಕ್ಷೇಪವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಕಾಳಿತೀರ · ಮಾರ್ಚ್ 13, ರಾತ್ರಿ 10.10

ನಿಮ್ಮೆಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ಎಂದು ತಿಳಿಯುತ್ತಿಲ್ಲ. ಉಳಿ ಅಣ್ಣ ಬರೆದದ್ದನ್ನು ಕಾಗದದ ಮೇಲೆ ಚಿತ್ರ ಬರೆದು ತಮ್ಮನಿಗೆ ತೋರಿಸಿದೆ. ಅಪ್ಪನ ಕೋಣೆಗೆ ಫಾಯಿಲ್ ಮತ್ತು ಎರಡು ಅಂಗುಲದ ಗ್ಲಾಸ್‌ವೂಲ್, ಉಳಿದ ಕಡೆ ಫಾಯಿಲ್ ಮಾತ್ರ ಎಂದು ನಿರ್ಧರಿಸಿದ್ದೇವೆ. ಇನ್ನೊಂದು ಸಂಶಯ: ಅಪ್ಪನಿಗೆ ಉಸಿರಾಟದ ತೊಂದರೆ ಇರುವುದರಿಂದ ಗ್ಲಾಸ್‌ವೂಲಿನ ದೂಳು ಅವರಿಗೆ ಅಪಾಯವೇ?

ಕುಮಟಾ_ವಯರಿಂಗ್ · ಮಾರ್ಚ್ 14, ಬೆಳಿಗ್ಗೆ 7.30

ಹಾಸುವ ದಿನ ಅವರನ್ನು ಆ ಮನೆಗೆ ಕರೆತರಬೇಡಿ. ನೀವಿಬ್ಬರೂ ತುಂಬುತೋಳಿನ ಅಂಗಿ, ಕೈಗವಸು, ಕನ್ನಡಕ, ಎನ್‌95 ಮಾಸ್ಕ್ ಹಾಕಿಕೊಳ್ಳಿ. ಕತ್ತರಿಸುವ ಕೆಲಸವನ್ನು ಅಂಗಳದಲ್ಲಿ ಮಾಡಿ. ಮೈಗೆ ಹತ್ತಿದರೆ ಉಜ್ಜದೆ ಮೊದಲು ತಣ್ಣೀರು ಸುರಿದುಕೊಳ್ಳಿ, ಆ ಬಟ್ಟೆಗಳನ್ನು ಬೇರೆ ಬಟ್ಟೆಗಳ ಜೊತೆ ಒಗೆಯಬೇಡಿ. ಹಲಗೆ ಮುಚ್ಚಿ, ಸಂದಿ ತುಂಬಿ, ಕೋಣೆಯನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದ ಮೇಲೆ ಅವರು ಬರಲಿ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹತ್ತು ಗಂಟೆಗೆ ನಿಲ್ಲಿಸಿ, ಮಾಡಿನ ಕೆಳಗಿನ ತಾಪ ತಲೆಗೆ ಏರಿದ್ದು ಗೊತ್ತೇ ಆಗುವುದಿಲ್ಲ.

ಮೆತ್ತಿನಮನೆ · ಮಾರ್ಚ್ 14, ಬೆಳಿಗ್ಗೆ 9.05

ಕಿಂಡಿಯ ಜಾಲರಿಯನ್ನು ಗಟ್ಟಿಯಾಗಿ ಕೂರಿಸಿ. ನಮ್ಮ ಅಟ್ಟದಲ್ಲಿ ಒಂದು ಪುನುಗುಬೆಕ್ಕು ಸಂಸಾರ ಹೂಡಿತ್ತು, ಮರಿಗಳು ದೊಡ್ಡವಾಗಿ ತಾವಾಗಿ ಹೋಗುವವರೆಗೆ ಕಾದೆವು. ಹಲಗೆಯ ಮುಚ್ಚಿಗೆ ಆದ್ದರಿಂದ ತಡೆಯಿತು. ಗ್ಲಾಸ್‌ವೂಲ್ ಇದ್ದಿದ್ದರೆ ಅದನ್ನೇ ಹಾಸಿಗೆ ಮಾಡಿಕೊಳ್ಳುತ್ತಿತ್ತು.

ಸಾಲ್ಕಣಿ_ದಾರಿ · ಮಾರ್ಚ್ 14, ಮಧ್ಯಾಹ್ನ 12.20

ಹಳೆಯ ಸಿಮೆಂಟ್ ಶೀಟಿನ ಮಾಡು ಇರುವವರು ಇದನ್ನು ಓದಿ ಅದಕ್ಕೆ ಡ್ರಿಲ್ಲಿಂಗ್ ಮಾಡಲು ಹೊರಡದಿರಲಿ ಎಂದು ಕೇಳಿಕೊಳ್ಳುತ್ತೇನೆ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಕೊರೆದಾಗ ಏಳುವ ದೂಳು ಶ್ವಾಸಕೋಶಕ್ಕೆ ಸೇರಿ ದಶಕಗಳ ನಂತರ ರೋಗ ತರುತ್ತದೆ. ಚೌಕಟ್ಟಿಗೆ ಮಾತ್ರ ಕಟ್ಟಿ, ಶೀಟನ್ನು ಮುಟ್ಟಬೇಡಿ.

ಯಲ್ಲಾಪುರದ_ಉಳಿ · ಮಾರ್ಚ್ 14, ಸಂಜೆ 5.50

ತಂಗೀ, ಕೊನೆಯ ಒಂದು ಮಾತು ಬಿಟ್ಟುಹೋಗಿತ್ತು. ಮಳೆಗಾಲದ ಮೊದಲು ಫಾಯಿಲ್ ಮತ್ತು ಕಿಂಡಿ ಮಾತ್ರ ಮುಗಿಸು. ಗ್ಲಾಸ್‌ವೂಲನ್ನೂ ಸೀಲಿಂಗನ್ನೂ ಈ ಮಳೆಗಾಲ ಕಳೆಯುವವರೆಗೆ ಮುಟ್ಟಬೇಡ. ಒಂದು ಮಳೆಗಾಲ ಕಾಣದ ಮಾಡನ್ನು ನಂಬಬಾರದು. ಎಲ್ಲಿ ಸೋರುತ್ತದೆಂದು ಕೆಳಗಿನಿಂದ ಕಣ್ಣಿಗೆ ಕಾಣುತ್ತಿರಬೇಕು.

ಕಾಳಿತೀರ · ಮಾರ್ಚ್ 14, ರಾತ್ರಿ 9.15

ಗೃಹಪ್ರವೇಶ ಮೇ ತಿಂಗಳಿಗೆ ಇದೆ, ಸೀಲಿಂಗಿಲ್ಲದ ಮನೆಗೆ ನೆಂಟರು ಬಂದರೆ ಏನೆಂದಾರು ಎಂದು ಅಮ್ಮನಿಗೆ ಸಂಕೋಚ. ಆದರೂ ಅಂಕೋಲೆಯ ತೊಟ್ಟಿಲಿನ ಘಟನೆಯನ್ನು ಓದಿ ಹೇಳಿದ ಮೇಲೆ ಅವರೇ ಕಾಯೋಣ ಎಂದರು.

ಕಾಳಿತೀರ · ಜೂನ್ 27, ರಾತ್ರಿ 8.30

ಹದಿನೈದು ದಿನದಿಂದ ಮಳೆ ಬಿಟ್ಟಿಲ್ಲ, ನಿಮಗೆಲ್ಲ ವರದಿ ಕೊಡಬೇಕೆನಿಸಿತು. ಫಾಯಿಲ್ ಹಾಕಲು ನಮಗೆ ಒಂಬತ್ತು ಬೆಳಗುಗಳು ಬೇಕಾದವು. ಮೇ ತಿಂಗಳ ಮಧ್ಯಾಹ್ನ ಅಪ್ಪ ಮೇಲೆ ಕುಳಿತು ಪತ್ರಿಕೆ ಓದಿದರು. ಸೆಖೆ ಇದ್ದೇ ಇತ್ತು, ಆದರೆ ತಲೆಯ ಮೇಲೆ ಕೆಂಡ ಹಿಡಿದಂತಾಗುವ ಆ ಕಾವು ಇರಲಿಲ್ಲ. ಮಳೆ ಶುರುವಾದ ಮೇಲೆ ಸೂರಿನಂಚಿನಿಂದ ಫಾಯಿಲಿನ ನೀರು ತೊಟ್ಟಿಕ್ಕುವುದನ್ನು ನಾವೇ ಕಂಡೆವು. ಅಷ್ಟು ನೀರು ಮೊದಲಾದರೆ ಒಳಗೆ ಬೀಳುತ್ತಿತ್ತು.

ಎರಡು ಕಡೆ ಮಾತ್ರ ತೊಂದರೆ ಕಂಡಿತು. ನೆತ್ತಿಯ ಹಂಚಿಗೆ ಹಚ್ಚಿದ ಸಿಮೆಂಟು ಬಿರುಕು ಬಿಟ್ಟು, ನಾವು ಬಿಟ್ಟಿದ್ದ ಮೂರು ಬೆರಳಿನ ಸಂದಿಯಿಂದ ಹನಿ ಬೀಳುತ್ತಿದೆ. ಪಶ್ಚಿಮದ ಕಿಂಡಿಯಿಂದ ಜೋರು ಗಾಳಿಗೆ ಎರಚಲು ಬರುತ್ತಿದೆ. ಏನು ಮಾಡಲಿ?

ಯಲ್ಲಾಪುರದ_ಉಳಿ · ಜೂನ್ 27, ರಾತ್ರಿ 9.10

ಕಿಂಡಿಗೆ ಕೆಳಮುಖವಾಗಿ ಓರೆಯಾಗಿರುವ ಪಟ್ಟಿಗಳನ್ನು ಹೊರಗಡೆಯಿಂದ ಹೊಡೆಸು, ಗಾಳಿ ಬರುತ್ತದೆ, ನೀರು ಬರುವುದಿಲ್ಲ. ನೆತ್ತಿಯ ಹಂಚನ್ನು ಈಗ ಮುಟ್ಟಬೇಡ, ಪಾಚಿ ಕಟ್ಟಿದ ಮಾಡಿನ ಮೇಲೆ ಯಾರನ್ನೂ ಹತ್ತಿಸಬೇಡ. ಸದ್ಯಕ್ಕೆ ಆ ಸಂದಿಯ ಕೆಳಗೆ ಒಂದು ಅಗಲದ ಫಾಯಿಲ್ ಪಟ್ಟಿಯನ್ನು ದೋಣಿಯಂತೆ ಬಾಗಿಸಿ ಕಟ್ಟಿ, ಒಂದು ತುದಿಯನ್ನು ತಗ್ಗಿಸಿ ಬಕೆಟ್ ಇಡು. ನವರಾತ್ರಿ ಕಳೆದು ಮಾಡು ಒಣಗಿದ ಮೇಲೆ ಹಳೆಯ ಸಿಮೆಂಟು ಕೆತ್ತಿ ತೆಗೆದು ಹೊಸದಾಗಿ ಕೂರಿಸಿದರಾಯಿತು. ಗ್ಲಾಸ್‌ವೂಲ್ ತರುವುದು ಅದಾದ ಬಳಿಕ.

ಕಾಳಿತೀರ · ಜೂನ್ 27, ರಾತ್ರಿ 9.25

ಆಗಲಿ ಅಣ್ಣಾ. ನಾಳೆ ಬೆಳಿಗ್ಗೆ ದೋಣಿ ಕಟ್ಟುತ್ತೇವೆ.